ರಿಕ್ವೆಸ್ಟ್ ಪಕ್ಕದ ‘ಫಾರ್’

ಎಲ್ಲರಿಗೂ ನಮಸ್ಕಾರ.

ಇವತ್ತು ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದದ ಬಗ್ಗೆ ಮಾತಾಡೋಣ. ರಿಕ್ವೆಸ್ಟ್. ಒಂದು ಪದಕ್ಕೆ ಇಡೀ ಉಪನ್ಯಾಸ ಬೇಕಾ ಅಂತ ನಿಮಗೆ ಅನಿಸಬಹುದು. ಬೇಕು ಅಂತಲೇ ನನ್ನ ಅಭಿಪ್ರಾಯ. ರಜೆ, ಟಿಸಿ, ಮಾರ್ಕ್ಸ್ ಕಾರ್ಡ್, ವರ್ಗಾವಣೆ, ಬ್ಯಾಂಕ್ ಸಾಲ. ನಾವು ಇಂಗ್ಲಿಷಿನಲ್ಲಿ ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಏನನ್ನಾದರೂ ಕೇಳುವ ಪತ್ರಗಳೇ ಅಲ್ವಾ? ಕೇಳುವ ಆ ಒಂದು ವಾಕ್ಯವೇ ಪತ್ರದ ಜೀವ. ಉಳಿದದ್ದನ್ನು ಸಾಹೇಬರು ಓದದಿದ್ದರೂ ಆ ವಾಕ್ಯವನ್ನು ಓದುತ್ತಾರೆ.

ಆ ವಾಕ್ಯವನ್ನು ನಾವು ಬರೆಯುವುದು ಹೀಗೆ: “ಐ ರಿಕ್ವೆಸ್ಟೆಡ್ ಫಾರ್ ಲೀವ್.” ಇದು ತಪ್ಪು. “ಐ ರಿಕ್ವೆಸ್ಟೆಡ್ ಲೀವ್” ಅಂದರೆ ಸಾಕು. ನಡುವೆ ‘ಫಾರ್’ ಬೇಡ. ಬ್ಯಾಂಕ್ ಪರೀಕ್ಷೆ, ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿರುವವರು ಗಮನಿಸಿ, ತಪ್ಪು ಹುಡುಕುವ ಪ್ರಶ್ನೆಗೆ ಇದು ಹೇಳಿ ಮಾಡಿಸಿದಂಥ ವಾಕ್ಯ.

ಹಾಗಾದರೆ ಈ ‘ಫಾರ್’ ಎಲ್ಲಿಂದ ಬಂತು? ಮೊದಲು ನಮ್ಮ ಮಾತನ್ನೇ ನೋಡೋಣ. ಕನ್ನಡದಲ್ಲಿ ಇಂಗ್ಲಿಷಿನ ಕ್ರಿಯಾಪದವನ್ನು ನಾವು ಹಾಗೇ ಬಳಸುವುದಿಲ್ಲ. ಹಿಂದೆ ಒಂದು ‘ಮಾಡು’ ಸೇರಿಸುತ್ತೇವೆ. ಫೋನ್ ಮಾಡು, ಮೇಲ್ ಮಾಡು, ರಿಕ್ವೆಸ್ಟ್ ಮಾಡು. ಇಲ್ಲಿ ಕ್ರಿಯೆಯ ಕೆಲಸವೆಲ್ಲ ‘ಮಾಡು’ವಿನದು. ‘ರಿಕ್ವೆಸ್ಟ್’ ಸುಮ್ನೆ ನಾಮಪದದ ಹಾಗೆ ಮುಂದೆ ಕೂತಿರುತ್ತದೆ. “ರಜೆಗೆ ರಿಕ್ವೆಸ್ಟ್ ಮಾಡಿದೆ” ಅನ್ನುತ್ತೇವೆ. ಇಂಗ್ಲಿಷಿಗೆ ಹೋಗುವಾಗ ‘ಮಾಡಿದೆ’ ಬಿಟ್ಟುಹೋಗುತ್ತದೆ, ‘ರಜೆಗೆ’ ಅನ್ನುವುದರ ‘ಗೆ’ ಮಾತ್ರ ‘ಫಾರ್’ ಆಗಿ ಉಳಿದುಕೊಳ್ಳುತ್ತದೆ.

ಇಂಗ್ಲಿಷಿನಲ್ಲೂ ಅದು ನಾಮಪದವಾಗಿದ್ದರೆ ‘ಫಾರ್’ ಸರಿಯೇ. “ಮೈ ರಿಕ್ವೆಸ್ಟ್ ಫಾರ್ ಲೀವ್” ಅನ್ನಬಹುದು. “ಐ ಮೇಡ್ ಎ ರಿಕ್ವೆಸ್ಟ್ ಫಾರ್ ಲೀವ್” ಅಂತಲೂ ಅನ್ನಬಹುದು. ನಮ್ಮ ‘ರಿಕ್ವೆಸ್ಟ್ ಮಾಡಿದೆ’ಗೆ ಅಚ್ಚುಕಟ್ಟಾಗಿ ಹೊಂದುವ ಇಂಗ್ಲಿಷ್ ಈ ಎರಡನೆಯದೇ. ತೊಂದರೆ ಏನೆಂದರೆ ನಾಮಪದಕ್ಕೂ ಕ್ರಿಯಾಪದಕ್ಕೂ ಸ್ಪೆಲ್ಲಿಂಗ್ ಒಂದೇ, ಉಚ್ಚಾರಣೆಯೂ ಒಂದೇ. ಹಾಗಾಗಿ ಅಕ್ಕಪಕ್ಕ ನೋಡಬೇಕು. ಹಿಂದೆ ‘ಎ’, ‘ದ’, ‘ಮೈ’, ‘ಯುವರ್’ ಇದ್ದರೆ ಅದು ನಾಮಪದ, ‘ಫಾರ್’ ಬರಲಿ. ಹಿಂದೆ ‘ಐ’, ‘ವಿ’, ‘ದೆ’ ಇದ್ದರೆ ಕ್ರಿಯಾಪದ, ‘ಫಾರ್’ ತೆಗೆಯಿರಿ.

ಎರಡನೆಯ ಕಾರಣ ‘ಆಸ್ಕ್’. “ಐ ಆಸ್ಕ್ಡ್ ಫಾರ್ ಲೀವ್” ಸರಿಯಾದ ವಾಕ್ಯ. ಅರ್ಥ ಒಂದೇ ಆದ್ದರಿಂದ ರಚನೆಯೂ ಒಂದೇ ಇರಬೇಕು ಅಂದುಕೊಳ್ಳುತ್ತೇವೆ. ಆದರೆ ಎರಡೂ ಬೇರೆ ಬೇರೆ ಮನೆತನದ ಪದಗಳು. ‘ಆಸ್ಕ್’ ಹಳೆಯ ಇಂಗ್ಲಿಷಿನದೇ ಮಾತು. ‘ರಿಕ್ವೆಸ್ಟ್’ ಬಂದದ್ದು ಫ್ರೆಂಚಿನಿಂದ, ಅದರ ಬೇರು ಲ್ಯಾಟಿನ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲೂ ನ್ಯಾಯಾಲಯದಲ್ಲೂ ಬಹಳ ಕಾಲ ಫ್ರೆಂಚ್ ನಡೆಯಿತು. ಇಂಗ್ಲಿಷಿನಲ್ಲಿ ಗತ್ತಿನ ಮಾತುಗಳು ಅನೇಕ ಸಲ ಫ್ರೆಂಚ್ ಮೂಲದವಾಗಿರುವುದು ಇದರಿಂದಲೇ. ಬೈ ಮನೆಮಾತು, ಪರ್ಚೇಸ್ ಕಚೇರಿ ಮಾತು. ಬಿಗಿನ್ ಮತ್ತು ಕಮೆನ್ಸ್, ಹೆಲ್ಪ್ ಮತ್ತು ಅಸಿಸ್ಟ್ ಕೂಡ ಹಾಗೆಯೇ. ಇನ್ನೂ ಒಂದು ವಿಷಯ ನನಗೆ ತುಂಬಾ ಇಷ್ಟ. ಇಂಗ್ಲಿಷಿನಲ್ಲಿ ‘ರಿಕ್ವೆಸ್ಟ್’ ಮೊದಲು ಬಂದದ್ದು ನಾಮಪದವಾಗಿ, 14ನೇ ಶತಮಾನದಲ್ಲಿ. ಅದು ಕ್ರಿಯಾಪದವಾದದ್ದು 16ನೇ ಶತಮಾನದಲ್ಲಿ.

ಈಗ ವ್ಯಕ್ತಿಯ ವಿಷಯ. ಕನ್ನಡದಲ್ಲಿ “ಅವರಿಗೆ ರಿಕ್ವೆಸ್ಟ್ ಮಾಡಿದೆ” ಅನ್ನುತ್ತೇವೆ, “ಅವರಲ್ಲಿ ವಿನಂತಿಸಿದೆ” ಅಂತಲೂ ಅನ್ನುತ್ತೇವೆ. ಇದನ್ನು ನೆನೆಸಿಕೊಂಡು “ಐ ರಿಕ್ವೆಸ್ಟೆಡ್ ಟು ಹಿಮ್” ಅಂತ ಬರೆಯಬಾರದು. “ಐ ರಿಕ್ವೆಸ್ಟೆಡ್ ಹಿಮ್ ಟು ಸೈನ್ ದ ಫಾರ್ಮ್.” ವ್ಯಕ್ತಿ ನೇರವಾಗಿ ಬರಬೇಕು, ಆಮೇಲೆ ‘ಟು’, ಆಮೇಲೆ ಅವರು ಮಾಡಬೇಕಾದ ಕೆಲಸ. ಕೆಲಸದ ಬದಲು ವಸ್ತು ಬೇಕಿದ್ದರೆ ವಸ್ತು ಮೊದಲು: “ಐ ರಿಕ್ವೆಸ್ಟೆಡ್ ಎ ಕಾಪಿ ಫ್ರಮ್ ದ ಆಫೀಸ್.” “ಗಿವ್ ಹಿಮ್ ಎ ಕಾಪಿ” ಸರಿ ಇದೆ ಅಂತ “ರಿಕ್ವೆಸ್ಟ್ ಹಿಮ್ ಎ ಕಾಪಿ” ಅನ್ನಲಿಕ್ಕೆ ಆಗುವುದಿಲ್ಲ.

ಸರಿಯಾದ ಬಳಕೆ ನೋಡಬೇಕೆಂದರೆ ಇಂಗ್ಲಿಷಿನಲ್ಲಿ ಅಚ್ಚಾದ ಮದುವೆ ಕರೆಯೋಲೆ ನೋಡಿ. ಅದರಲ್ಲಿ ಒಂದು ಹಳೆಯ ಒಕ್ಕಣೆ ಬರುತ್ತದೆ: “ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ.” ಕೆಲವರು ‘ರಿಕ್ವೆಸ್ಟ್ ದ ಆನರ್ ಆಫ್ ಯುವರ್ ಪ್ರೆಸೆನ್ಸ್’ ಅಂತ ಹಾಕಿಸುತ್ತಾರೆ. ಎರಡರಲ್ಲೂ ‘ರಿಕ್ವೆಸ್ಟ್’ ಆದ ಕೂಡಲೇ ಕೇಳುವ ವಸ್ತು ಬಂದಿದೆ. ನಡುವೆ ‘ಫಾರ್’ ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ಗೊಂದಲವಾದರೆ ಆ ಸಾಲನ್ನು ನೆನಪಿಸಿಕೊಳ್ಳಿ, ಬೇರೆ ನಿಯಮ ಬೇಕಿಲ್ಲ.

ಇನ್ನೊಂದು ರಚನೆ ಇದೆ, ಸ್ವಲ್ಪ ಬಿಗಿಯಾದದ್ದು. “ಐ ರಿಕ್ವೆಸ್ಟ್ ದ್ಯಾಟ್ ದ ಮೀಟಿಂಗ್ ಬಿ ಪೋಸ್ಟ್‌ಪೋನ್ಡ್.” ಇಲ್ಲಿ ‘ಈಸ್’ ಅಲ್ಲ, ‘ಬಿ’. ಹಾಗೆಯೇ “ವಿ ರಿಕ್ವೆಸ್ಟೆಡ್ ದ್ಯಾಟ್ ಹಿ ಸಬ್ಮಿಟ್ ದ ರಿಪೋರ್ಟ್.” ‘ಹಿ’ ಇದ್ದರೂ ‘ಸಬ್ಮಿಟ್ಸ್’ ಆಗುವುದಿಲ್ಲ, ‘ರಿಕ್ವೆಸ್ಟೆಡ್’ ಭೂತಕಾಲದಲ್ಲಿದ್ದರೂ ‘ಸಬ್ಮಿಟೆಡ್’ ಆಗುವುದಿಲ್ಲ. ಆ ಕೆಲಸ ಇನ್ನೂ ನಡೆದಿಲ್ಲ, ನಡೆಯಲಿ ಅಂತ ಕೇಳುತ್ತಿದ್ದೇವೆ. ನಮ್ಮಲ್ಲಿ ‘ಕೊಡಲಿ’, ‘ಬರಲಿ’ ಅನ್ನುವ ರೂಪ ಮಾಡುವ ಕೆಲಸವನ್ನೇ ಇಲ್ಲಿ ಈ ಬೋಳು ಕ್ರಿಯಾಪದ ಮಾಡುತ್ತದೆ. ಇದು ಕಷ್ಟ ಅನಿಸಿದರೆ ‘ಶುಡ್’ ಸೇರಿಸಿ, “ದ್ಯಾಟ್ ದ ಮೀಟಿಂಗ್ ಶುಡ್ ಬಿ ಪೋಸ್ಟ್‌ಪೋನ್ಡ್” ಅನ್ನಿ. ಬ್ರಿಟಿಷ್ ಬರಹದಲ್ಲಿ ಅದೂ ನಡೆಯುತ್ತದೆ.

ವಿನಯದ ಬಗ್ಗೆ ಒಂದು ಮಾತು. “ಐ ಹಂಬ್ಲಿ ರಿಕ್ವೆಸ್ಟ್ ಯು ಟು ಕೈಂಡ್ಲಿ ಪ್ಲೀಸ್ ಗ್ರಾಂಟ್” ಅಂತ ಬರೆಯುವವರಿದ್ದಾರೆ. ‘ರಿಕ್ವೆಸ್ಟ್’ ಒಂದರಲ್ಲೇ ಬೇಕಾದಷ್ಟು ಗೌರವ ಇದೆ. ಮೇಲೆ ಮೂರು ಸೇರಿಸಿದರೆ ಗೌರವ ಜಾಸ್ತಿ ಆಗುವುದಿಲ್ಲ, ದೈನ್ಯ ಜಾಸ್ತಿ ಆಗುತ್ತದೆ. ನಿಮ್ಮ ಹಕ್ಕಿನ ರಜೆಯನ್ನೋ ದಾಖಲೆಯನ್ನೋ ಕೇಳುವಾಗ ಅಷ್ಟು ಬಾಗುವ ಅಗತ್ಯವಿಲ್ಲ. “ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್ ಫಾರ್ ಟೂ ಡೇಸ್.” ಇಷ್ಟೇ ಸಾಕು. ಈ ವಾಕ್ಯದಲ್ಲಿ ‘ಫಾರ್’ ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಅದು ಎರಡು ದಿನಕ್ಕೆ ಸೇರಿದ್ದು, ‘ರಿಕ್ವೆಸ್ಟ್’ಗೆ ಅಲ್ಲ.

ಇದೇ ಪದವನ್ನು ಮೇಲಿನವರು ಬಳಸಿದಾಗ ಬಣ್ಣ ಬದಲಾಗುತ್ತದೆ. ವಿಮಾನದಲ್ಲಿ “ಪ್ಯಾಸೆಂಜರ್ಸ್ ಆರ್ ರಿಕ್ವೆಸ್ಟೆಡ್ ಟು ಫಾಸನ್ ದೇರ್ ಸೀಟ್ ಬೆಲ್ಟ್ಸ್” ಅಂದರೆ ಬೆಲ್ಟ್ ಹಾಕಲೇಬೇಕು. ಕಚೇರಿಯಿಂದ “ಯು ಆರ್ ರಿಕ್ವೆಸ್ಟೆಡ್ ಟು ಅಪಿಯರ್” ಅಂತ ಪತ್ರ ಬಂದರೆ ವಿನಂತಿ ಅಂದುಕೊಂಡು ಮನೆಯಲ್ಲಿ ಕೂರಬೇಡಿ.

‘ಡಿಮ್ಯಾಂಡ್’, ‘ಆರ್ಡರ್’, ‘ಡಿಸ್ಕಸ್’, ‘ಎಂಫಸೈಸ್’ ಕೂಡ ಇದೇ ದಾರಿಯವು. ‘ಎ ಡಿಮ್ಯಾಂಡ್ ಫಾರ್ ಜಸ್ಟಿಸ್’ ಸರಿ, ಆದರೆ ‘ದೆ ಡಿಮ್ಯಾಂಡೆಡ್ ಜಸ್ಟಿಸ್’. ‘ಎ ಡಿಸ್ಕಷನ್ ಅಬೌಟ್ ಫೀಸ್’ ಸರಿ, ಆದರೆ ‘ವಿ ಡಿಸ್ಕಸ್ಡ್ ದ ಫೀಸ್’.

ಹಾಗಂತ ಕಂಡಲ್ಲೆಲ್ಲ ‘ಫಾರ್’ ಹೊಡೆದು ಹಾಕಬೇಡಿ. ‘ಅಪ್ಲೈ’ಗೆ ಅದು ಬೇಕೇ ಬೇಕು, ರಜೆ ಪತ್ರದಲ್ಲಿ ಎಡವುವುದೇ ಇಲ್ಲಿ. ‘ವೇಟ್’ಗೆ ಬೇಕು, ‘ಅವೇಟ್’ಗೆ ಬೇಡ. ಎರಡೂ ಬಗೆ ಒಂದೇ ವಾಕ್ಯದಲ್ಲಿ ಬರುವಂತೆ ಹೇಳುತ್ತೇನೆ, ಬರೆದುಕೊಳ್ಳಿ: “ಐ ಅಪ್ಲೈಡ್ ಫಾರ್ ಲೀವ್ ಆನ್ ಮಂಡೇ ಅಂಡ್ ರಿಕ್ವೆಸ್ಟೆಡ್ ಎ ರಿಪ್ಲೈ ಬೈ ವೆನ್ಸ್‌ಡೇ.”