ಹಡಗು ಇಳಿದ ಮೇಲೆ ಬಸ್ಸು

ನಮಸ್ಕಾರ. ಅಲಾಸ್ಕಾಗೆ ಹೋಗಿಬಂದವರೆಲ್ಲ ಹಡಗಿನ ಕತೆಯನ್ನೇ ಹೇಳುತ್ತಾರೆ. ನಾನು ಬಸ್ಸಿನದು ಹೇಳುತ್ತೇನೆ.

ವ್ಯಾಂಕೂವರಿನಲ್ಲಿ ಹಡಗು ಹತ್ತಿದ ನಾನೂ ನನ್ನ ಹೆಂಡತಿಯೂ ಅಲಾಸ್ಕಾದ ಸ್ಕಾಗ್ವೇ ಅನ್ನುವ ಪುಟ್ಟ ಊರಲ್ಲಿ ಇಳಿದುಬಿಟ್ಟೆವು. ಹಡಗು ಚೆನ್ನಾಗಿತ್ತು, ಇಲ್ಲ ಅನ್ನಲಾರೆ. ಹೊತ್ತುಹೊತ್ತಿಗೆ ಊಟ, ಕಿಟಕಿಯಾಚೆ ಹಿಮನದಿ. ಆದರೆ ಎಲ್ಲವೂ ದೂರದಲ್ಲೇ ಸರಿದುಹೋಗುತ್ತಿತ್ತು, ಮದುವೆ ಮನೆಯಲ್ಲಿ ಕೊನೆಯ ಸಾಲಲ್ಲಿ ಕೂತು ಧಾರೆ ನೋಡಿದ ಹಾಗೆ.

ಸ್ಕಾಗ್ವೇಯಿಂದ ಕೆನಡಾದ ವೈಟ್‌ಹಾರ್ಸ್‌ಗೆ ಸುಮಾರು 175 ಕಿಲೋಮೀಟರ್. ಸಮುದ್ರದ ದಡ ಬಿಟ್ಟದ್ದೇ ತಡ, ಬಸ್ಸು ಸಾವಿರ ಮೀಟರ್ ಎತ್ತರದ ವೈಟ್ ಪಾಸ್ ಕಣಿವೆದಾರಿಗೆ ಏದುಸಿರು ಬಿಡುತ್ತಾ ಹತ್ತುತ್ತದೆ. ಹತ್ತಿದಷ್ಟೂ ಮರಗಳು ಗಿಡ್ಡ, ಕೊನೆಗೆ ಬರೀ ಬಂಡೆ, ಪೊದೆ. ಡ್ರೈವರಮ್ಮನೇ ಗೈಡು. 1897–98ರಲ್ಲಿ ಚಿನ್ನದ ಆಸೆಗೆ ಇದೇ ಕಣಿವೆಯಲ್ಲಿ ಹತ್ತಿದವರು ಒಂದು ವರ್ಷಕ್ಕಾಗುವಷ್ಟು ದಿನಸಿ, ಸಾಮಾನು ಎಲ್ಲ ಸೇರಿ ಹೆಚ್ಚುಕಮ್ಮಿ ಒಂದು ಟನ್ ಹೊತ್ತು ತಂದರೆ ಮಾತ್ರ ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿದ್ದರಂತೆ, ಆ ಹೊರೆ ಎಳೆದು ಸುಮಾರು ಮೂರು ಸಾವಿರ ಕುದುರೆಗಳು ಇಲ್ಲೇ ಸತ್ತವಂತೆ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಹಡಗಿನಲ್ಲಿ ಮೂರು ಹೊತ್ತು ತಿಂದು ಬಂದವರು, ಏನಂತ ಮಾತಾಡುವುದು!

ಗಡಿಯಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಬೇರೆ, ಕೆನಡಾದ್ದು ಬೇರೆ, ಮರೆಯಬೇಡಿ. ಬೇಸಿಗೆಯಲ್ಲಿ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು.

ಆಮೇಲೆ ಕಾರ್‌ಕ್ರಾಸ್ ಅನ್ನುವ ಊರು. ಹಿಮದ ಬೆಟ್ಟಗಳ ನಡುವೆ ಮರಳುಗಾಡು! ಹಿಂದೊಮ್ಮೆ ಹಿಮನದಿ ಕರಗಿ ಆದ ಕೆರೆಯ ತಳವಂತೆ ಅದು. ಒಂದು ಚದರ ಮೈಲಿ ಇರಬಹುದು, ಅಷ್ಟೇ. ನನ್ನ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು, ನಾನು ಶೂ ಹಾಕಿಕೊಂಡೇ ಹೋದೆ. ಅಲ್ಲಿಂದ ಸ್ವಲ್ಪ ಮುಂದೆ ಎಮರಾಲ್ಡ್ ಕೆರೆ. ತಳದಲ್ಲಿ ಕೂತ ಬಿಳಿ ಸುಣ್ಣದ ಕೆಸರಿಗೆ ಬಿಸಿಲು ಬಿದ್ದು ನೀರು ಪಚ್ಚೆಯ ಹಾಗೆ ಹೊಳೆಯುತ್ತದೆ. ಅಲ್ಲೇ ರಸ್ತೆಬದಿ ಕೂತು ಚಕ್ಕುಲಿ ತಿಂದೆವು. ಡ್ರೈವರಮ್ಮ ಉದ್ದ ಕೋಲಿನ ಬ್ರಷ್ಷಿನಲ್ಲಿ ಗಾಜಿಗಂಟಿದ ಹುಳ ಉಜ್ಜುತ್ತಿದ್ದರು. ಅವರಿಗೂ ಎರಡು ಕೊಟ್ಟೆವು. ಜಾಸ್ತಿ ಗಟ್ಟಿ ಅಂದರು, ಆದರೂ ಎರಡನ್ನೂ ಮುಗಿಸಿದರು.

ವೈಟ್‌ಹಾರ್ಸ್ ತಲುಪಿ, ರಾತ್ರಿ ಹತ್ತಾದರೂ ಬೆಳಕಿದೆಯಲ್ಲ ಅಂತ ಪರದೆ ಎಳೆದು, ಶೂ ಬಿಚ್ಚಿದೆ. ಒಂದು ಹಿಡಿ ಮರಳು ಹೋಟೆಲಿನ ಕಾರ್ಪೆಟ್ ಮೇಲೆ ಸುರಿಯಿತು. ‘ಚಪ್ಪಲಿ ಹಾಕ್ಕೊಳ್ಳಿ ಅಂದಿದ್ದೆ ಅಲ್ವಾ’ ಅಂದಳು.