ಮುಚ್ಚಳ ತೆಗೆದಿಟ್ಟರೆ ಸಾಲದು

ಬಾಟಲಿಯ ಕತ್ತು ನೋಡಿ, ಕ್ಯಾಮೆರಾ ಇನ್ನೂ ಹತ್ತಿರ ತರ್ತೀನಿ. ಒಳಗಿನ ಅಗಲ ಎರಡು ಸೆಂಟಿಮೀಟರೂ ಇಲ್ಲ. ಒಳಗಿರೋದು 750 ಮಿಲಿಲೀಟರ್ ರೆಡ್ ವೈನ್. "ಊಟಕ್ಕೆ ಒಂದು ಗಂಟೆ ಮುಂಚೆ ಮುಚ್ಚಳ ತೆಗೆದಿಡಿ, ವೈನ್ ಉಸಿರಾಡಲಿ" ಅಂತಾರಲ್ಲ, ಇಷ್ಟು ಕಿರಿದಾದ ಬಾಯಲ್ಲಿ ಅದೆಷ್ಟು ಗಾಳಿ ತಾಗೀತು? ತುಂಬಿದ ಬಾಟಲಿಯನ್ನ ಬರೀ ತೆರೆದಿಡೋದರಿಂದ ಹೇಳಿಕೊಳ್ಳುವಂಥದ್ದೇನೂ ಆಗಲ್ಲ. ಗಾಳಿ ಬೇಕು ಅಂದ್ರೆ ವೈನನ್ನ ಹೊಯ್ಯಬೇಕು.

ಇವತ್ತಿನದು ನಮ್ಮ ನಂದಿ ಬೆಟ್ಟದ ಕಡೆಯ ದ್ರಾಕ್ಷಿ ತೋಟದ್ದು, ಕ್ಯಾಬರ್ನೇ ಸೋವಿನ್ಯೋ ಮತ್ತು ಶಿರಾಜ್ ಅನ್ನೋ ಎರಡು ದ್ರಾಕ್ಷಿ ತಳಿ ಬೆರೆಸಿದ್ದು. ಕಾರ್ಕ್ ಇಲ್ಲ, ತಿರುಪಿನ ಮುಚ್ಚಳ. ಮೊದಲು ಗ್ಲಾಸಿಗೆ ಒಂದಿಷ್ಟು ಹಾಕಿ ಮೂಸ್ತೀನಿ. ಹ್ಞಾಂ... ಬೆಂಕಿಕಡ್ಡಿ ಗೀರಿದಾಗ ಬರೋ ಘಾಟು. ಹಣ್ಣಿನ ವಾಸನೆ ಅದರ ಹಿಂದೆ ಎಲ್ಲೋ ಅಡಗಿದೆ.

ಇದು ಗಂಧಕದ ಕೆಲಸ. ರಸ ಹುದುಗುವಾಗ ಯೀಸ್ಟಿಗೆ ಸಾರಜನಕ ಸಾಲದೆ ಹೋದ್ರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಕೆಡದಿರಲಿ ಅಂತ ಹಾಕೋ ಸಲ್ಫರ್ ಡೈಆಕ್ಸೈಡ್ ಬೇರೆ ಇರುತ್ತೆ. ಬಿಗಿ ಮುಚ್ಚಳದೊಳಗೆ ಆಮ್ಲಜನಕ ಹೋಗೋದು ತೀರಾ ಕಡಿಮೆ, ಹಾಗಾಗಿ ಆ ವಾಸನೆ ಅಲ್ಲೇ ಉಳಿಯುತ್ತೆ.

ಈಗ ಉಳಿದದ್ದನ್ನೆಲ್ಲ ಗಾಜಿನ ಹೂಜಿಗೆ ಸುರೀತೀನಿ. ವೈನ್ ಬಗ್ಗಿಸಿಡೋಕೇ ಅಂತ ಮಾಡಿದ ದುಬಾರಿ ಡಿಕ್ಯಾಂಟರ್ ಏನೂ ಬೇಡ, ಬುಡ ಅಗಲ ಇದ್ದರಾಯ್ತು. ಲೋಟದಿಂದ ಡಬರಿಗೆ ಕಾಫಿ ಎತ್ತಿ ಹೊಯ್ಯೋ ಕೈಗೆ ಇದನ್ನ ಕಲಿಸಬೇಕಾಗಿಲ್ಲ, ಅಷ್ಟೇ ಧಾರಾಳವಾಗಿ ಹೊಯ್ಯಿರಿ.

ಅರ್ಧ ಗಂಟೆ ಆಯ್ತು. ಘಾಟು ಹಾರಿಹೋಗಿದೆ. ನೇರಳೆ ಹಣ್ಣು, ಕರಿಮೆಣಸು ಮುಂದೆ ಬಂದಿವೆ. ಆದ್ರೆ ನಾಲಿಗೆ ಹಿಡಿಯೋ ಒಗರು ಇದೆಯಲ್ಲ, ಟ್ಯಾನಿನ್, ಅದು ಇದ್ದ ಹಾಗೇ ಇದೆ. ಗಾಳಿಗಿಟ್ಟರೆ ಒಗರು ಹೋಗುತ್ತೆ ಅನ್ನೋ ಮಾತನ್ನ ನಾನು ನಂಬಲ್ಲ. ಒಂದೆರಡು ಗಂಟೆಯಲ್ಲಿ ಟ್ಯಾನಿನ್ ಅಂಥ ದೊಡ್ಡ ಬದಲಾವಣೆ ಕಾಣಲ್ಲ. ತಣ್ಣಗಿದ್ದ ವೈನು ನಿಧಾನಕ್ಕೆ ಬೆಚ್ಚಗಾದ್ರೆ ಒಗರು ಕಡಿಮೆ ಅನ್ನಿಸುತ್ತೆ, ಆ ಪುಣ್ಯವನ್ನೂ ಗಾಳಿಯ ಲೆಕ್ಕಕ್ಕೇ ಬರೆದುಬಿಡ್ತೀವಿ.

ಬೋರ್ಡೋದ ಪ್ರೊಫೆಸರ್ ಎಮೀಲ್ ಪೇನೋ ಅವರಂತೂ ಇನ್ನೂ ಖಡಕ್ಕು. ಕಳೆದ ಶತಮಾನದಲ್ಲಿ ಫ್ರಾನ್ಸಿನ ವೈನ್ ತಯಾರಿಕೆಯನ್ನೇ ತಿದ್ದಿದ ಮನುಷ್ಯ. ಚೆನ್ನಾಗಿರೋ ವೈನನ್ನ ಗಂಟೆಗಟ್ಟಲೆ ಗಾಳಿಗಿಟ್ಟರೆ ಪರಿಮಳ ಮಂಕಾಗುತ್ತೆ, ಅಡಿಯಲ್ಲಿ ಮಡ್ಡಿ ಇದ್ದರೆ ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ, ಅದೂ ಬಡಿಸೋ ಹೊತ್ತಿಗೆ ಅನ್ನೋದು ಅವರ ವಾದ. ನಾನು ಅಷ್ಟು ದೂರ ಹೋಗಲ್ಲ, ಇವತ್ತಿನ ಹೂಜಿ ನನ್ನ ಕಡೆ ಸಾಕ್ಷಿ ಹೇಳ್ತಿದೆ. ಆದ್ರೆ ಹಳೇ ಬಾಟಲಿಗಳ ವಿಷಯದಲ್ಲಿ ಅವರ ಮಾತು ಕಣ್ಣಿಗೊತ್ತಿಕೊಳ್ಳಬೇಕು. ಇಪ್ಪತ್ತು ಮೂವತ್ತು ವರ್ಷ ಮಲಗಿದ ವೈನಿನ ಪರಿಮಳ ಬಲು ನಾಜೂಕು. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಕತ್ತಿನ ಹಿಂದೆ ದೀಪ ಇಟ್ಟುಕೊಂಡು ಮೆಲ್ಲಗೆ ಬಗ್ಗಿಸಿ, ಮಡ್ಡಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ, ತಡ ಮಾಡದೆ ಕುಡೀಬೇಕು.

ಹಸಿ ರಟ್ಟು, ಮುಗ್ಗಲು ವಾಸನೆ ಬಂದ್ರೆ ಕಾಯೋದು ದಂಡ. ಅದು ಕಾರ್ಕಿನಿಂದ ಬಂದ ದೋಷ, ಟಿಸಿಎ ಅಂತಾರೆ. ಎಷ್ಟು ಗಾಳಿ ಕೊಟ್ಟರೂ ಹೋಗಲ್ಲ, ಅಂಗಡಿಗೆ ವಾಪಸ್ ಕೊಡಿ.

ಬೆಂಗಳೂರಲ್ಲಿ, ಅದರಲ್ಲೂ ಏಪ್ರಿಲ್‌ನಲ್ಲಿ, ಗಾಳಿಗಿಂತ ದೊಡ್ಡ ತಲೆನೋವು ಸೆಕೆ. ರೆಡ್ ವೈನನ್ನ ಕೋಣೆಯ ಉಷ್ಣತೆಯಲ್ಲಿ ಕೊಡಿ ಅಂದಿದ್ದು ಯೂರೋಪಿನ ತಣ್ಣನೆ ಮನೆಗಳ ಲೆಕ್ಕ, ಅಂದ್ರೆ 16ರಿಂದ 18 ಡಿಗ್ರಿ. ನಮ್ಮ ಅಡುಗೆಮನೆ ಈಗ 30 ದಾಟಿದೆ. ಈ ಬಿಸಿಯಲ್ಲಿ ಮೂಗಿಗೆ ಹೊಡೆಯೋದು ಬರೀ ಆಲ್ಕೋಹಾಲ್. ಅದಕ್ಕೇ ಬಾಟಲಿಯನ್ನ ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ಆಮೇಲೆ ಹೊಯ್ದೆ.

ನಿಮ್ಮ ಬಾಟಲಿಗೆ ಗಾಳಿ ಬೇಕೋ ಬೇಡವೋ ಅಂತ ಕೇಳಿದ್ರೆ, ಮೊದಲು ಒಂದು ಗುಟುಕು ಹಾಕಿಕೊಂಡು ಗ್ಲಾಸನ್ನ ಚೆನ್ನಾಗಿ ತಿರುಗಿಸಿ. ವಾಸನೆ ಸುಧಾರಿಸ್ತಾ ಹೋದ್ರೆ ಉಳಿದದ್ದು ಹೂಜಿಗೆ. ಆಗಲೇ ಘಮ್ಮಂತಿದ್ರೆ ಸುಮ್ಮನೆ ಕುಡೀರಿ. ಮಿಕ್ಕಿದ್ದನ್ನ ಮಾತ್ರ ಹೂಜಿಯಲ್ಲೇ ಬಿಡಬೇಡಿ. ಚಿಕ್ಕ ಬಾಟಲಿಗೆ ಕತ್ತಿನವರೆಗೂ ತುಂಬಿ, ಮುಚ್ಚಳ ಬಿಗಿಮಾಡಿ ಫ್ರಿಜ್ಜಿಗಿಟ್ರೆ ಎರಡು ಮೂರು ದಿನಕ್ಕೆ ಮೋಸವಿಲ್ಲ. ನಮ್ಮ ಮನೆಯಲ್ಲಿ ಇವತ್ತು ಮಿಗೋ ಲಕ್ಷಣ ಕಾಣ್ತಿಲ್ಲ, ಆಗಲೇ ಇಬ್ಬರು ಗ್ಲಾಸ್ ಹಿಡ್ಕೊಂಡು ನಿಂತಿದ್ದಾರೆ.