ಬೆಳದಿಂಗಳಲ್ಲಿ ಯಾರಾದರೂ ಬೋಳು ಗುಡ್ಡ ಹತ್ತುತ್ತಾರಾ?

ನಮಸ್ಕಾರ. ಪುರಾತತ್ವ ಅಂದ ಕೂಡಲೇ ಜನ ನನ್ನನ್ನು ಕೇಳುವುದು ಒಂದೇ, ‘ಸಾರ್, ನಿಧಿ ಏನಾದರೂ ಸಿಕ್ತಾ?’ ಇಲ್ಲ, ಸಿಕ್ಕಿಲ್ಲ. ಇವತ್ತು ನಾನು ಹೇಳುವುದೂ ಒಂದೇ ಮಾತು. ಮಣ್ಣಿಗೆ ಸನಿಕೆ ಹಾಕುವ ಮೊದಲು, ಅದು ಯಾರ ಕಥೆಯೋ ಅವರನ್ನು ಕೇಳಿ. ಅಷ್ಟೇ. ಇದನ್ನು ಕಲಿಯುವುದಕ್ಕೆ ನಮ್ಮ ವಿದ್ಯೆಗೆ ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು ಅಂದರೆ ನನಗೆ ನಾಚಿಕೆಯಾಗುತ್ತದೆ.

ಒಂದು ಕಥೆ ಹೇಳುತ್ತೇನೆ. ನಡೆದದ್ದು ಅಮೆರಿಕದಲ್ಲಿ, ನೆಬ್ರಾಸ್ಕಾ ಎಂಬ ರಾಜ್ಯದಲ್ಲಿ. ಉತ್ತರದ ಶಾಯೆನ್ ಅಂತ ಒಂದು ಮೂಲನಿವಾಸಿ ಜನಾಂಗ. ಸರ್ಕಾರ ಅವರನ್ನು ದೂರದ ದಕ್ಷಿಣಕ್ಕೆ, ಈಗಿನ ಒಕ್ಲಹೋಮಕ್ಕೆ ಸಾಗಿಸಿತ್ತು. ಅಲ್ಲಿ ಕಾಯಿಲೆ, ಹಸಿವು. 1878ರ ಸೆಪ್ಟೆಂಬರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಎದ್ದು ಮನೆ ಕಡೆ ನಡೆದೇಬಿಟ್ಟರು. ದಾರಿಯಲ್ಲಿ ಎರಡು ಗುಂಪಾದರು. ಒಂದು ಗುಂಪು ಸೈನ್ಯಕ್ಕೆ ಸಿಕ್ಕಿಬಿತ್ತು, ಸುಮಾರು 149 ಜನ. ಅದರ ಮುಖಂಡನನ್ನು ಇಂಗ್ಲಿಷ್ ಪುಸ್ತಕಗಳು ಡಲ್ ನೈಫ್ ಅಂತ ಕರೆಯುತ್ತವೆ. ಅಂದರೆ ಮೊಂಡು ಚಾಕು. ಅವನ ಜನರ ಬಾಯಲ್ಲಿ ಅವನ ಹೆಸರು ಬೆಳಗಿನ ನಕ್ಷತ್ರ. ನೋಡಿ, ಹೆಸರನ್ನೇ ಅವರನ್ನು ಕೇಳಲಿಲ್ಲ!

ಇವರನ್ನೆಲ್ಲ ಫೋರ್ಟ್ ರಾಬಿನ್ಸನ್ ಎಂಬ ಕೋಟೆಯ ಒಂದು ಮರದ ಬ್ಯಾರಕ್ಕಿನಲ್ಲಿ ಕೂಡಿಹಾಕಿದರು. ವಾಪಸ್ ದಕ್ಷಿಣಕ್ಕೆ ಹೋಗಿ ಅಂದರು. ಸತ್ತರೂ ಹೋಗಲ್ಲ ಅಂದರು ಇವರು. ಸರಿ, ಜನವರಿ ಚಳಿಯಲ್ಲಿ ಊಟ ನಿಲ್ಲಿಸಿದರು, ಸೌದೆ ನಿಲ್ಲಿಸಿದರು, ಆಮೇಲೆ ನೀರನ್ನೂ ನಿಲ್ಲಿಸಿದರು. ಒಳಗಿದ್ದವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಕಿಟಕಿ ಗಾಜಿಗೆ ಕಟ್ಟಿದ ಹಿಮವನ್ನು ಕೆರೆದು ನಾಲಿಗೆ ಒದ್ದೆ ಮಾಡಿಕೊಂಡರಂತೆ. ಇನ್ನೊಂದು ವಿಷಯ ಕೇಳಿ. ಕೆಲವು ಬಂದೂಕುಗಳನ್ನು ಬಿಚ್ಚಿ, ದೊಡ್ಡ ಭಾಗಗಳನ್ನು ಹೆಂಗಸರು ಬಟ್ಟೆಯೊಳಗೆ ಬಚ್ಚಿಟ್ಟಿದ್ದರು, ಸಣ್ಣ ಸಣ್ಣ ತುಂಡುಗಳನ್ನು ಮಕ್ಕಳ ಮೈಮೇಲೆ ಒಡವೆ ಹಾಗೆ ತೂಗುಹಾಕಿದ್ದರು! ಕಾವಲಿನವರು ನೋಡಿ ಸುಮ್ನೆ ಬಿಟ್ಟಿದ್ದರು. 1879ರ ಜನವರಿ 9, ರಾತ್ರಿ ಹತ್ತರ ಹೊತ್ತಿಗೆ, ಅವನ್ನೇ ಜೋಡಿಸಿಕೊಂಡು ಕಿಟಕಿಯಿಂದ ಹಾರಿ ಓಡಿದರು. ಕಾಲಿನ ಕೆಳಗೆ ಹಿಮ, ತಲೆಯ ಮೇಲೆ ಬೆಳದಿಂಗಳು. ಆ ರಾತ್ರಿಯಲ್ಲಿ, ಆಮೇಲಿನ ಎರಡು ವಾರದಲ್ಲಿ ಅರವತ್ತಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಓಡಿದ್ದು ಯಾವ ದಾರಿಯಲ್ಲಿ? ಸೈನ್ಯದ ಲೆಕ್ಕದಲ್ಲಿ, ನದಿ ದಾಟಿ, ಮರೆಯೇ ಇಲ್ಲದ ಬೋಳು ಗುಡ್ಡದ ಏಣು ಹತ್ತಿ ಓಡಿದರು. ಪುಸ್ತಕಗಳಲ್ಲೂ ಅದೇ ನಿಂತುಬಿಟ್ಟಿತು. ಶಾಯೆನ್ ಮನೆಗಳಲ್ಲಿ ಅಜ್ಜಿಯರು ಹೇಳುತ್ತಿದ್ದ ಕಥೆ ಬೇರೆ. ಗುಡ್ಡದ ಪಕ್ಕದ ಹಳ್ಳದಲ್ಲಿ ಇಳಿದು, ಮರೆಯಲ್ಲಿ ಹೋದೆವು, ಆಮೇಲೆ ಮೇಲೆ ಹತ್ತಿದೆವು. ನೀವೇ ಹೇಳಿ, ಹಿಂದೆ ಬಂದೂಕು ಹಿಡಿದವರು, ಹಗಲಿನಂಥ ಬೆಳದಿಂಗಳು, ಬಿಳೀ ಹಿಮ, ಸೊಂಟದಲ್ಲಿ ಮಗು. ಯಾರಾದರೂ ಬೋಳು ಗುಡ್ಡ ಹತ್ತುತ್ತಾರಾ? ನಮ್ಮ ಹಿರಿಯರು ಅಷ್ಟು ದಡ್ಡರಾ ಅಂತ ಆ ಜನಕ್ಕೆ ಅನಿಸದೆ ಇರುತ್ತಾ? ಆದರೆ ಅಜ್ಜಿ ಮಾತು ದಾಖಲೆ ಅಲ್ಲ. ಸೈನ್ಯದ ಕ್ಯಾಪ್ಟನ್ ಬರೆದದ್ದು ದಾಖಲೆ.

1980ರ ದಶಕದಲ್ಲಿ ಶಾಯೆನ್ ಜನರ ಕಾಲೇಜು ಮತ್ತು ದಕ್ಷಿಣ ಡಕೋಟ ವಿಶ್ವವಿದ್ಯಾಲಯದ ಪುರಾತತ್ವದವರು ಜೊತೆ ಸೇರಿದರು. ಪ್ರಶ್ನೆ ಶಾಯೆನ್ನರದು: ನಮ್ಮ ಹಿರಿಯರು ಹೋದ ದಾರಿ ಯಾವುದು? ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಎರಡೂ ಕಡೆ ಹುಡುಕಿದರು. ಹಳ್ಳದಲ್ಲಿ ಸೀಸದ ಗುಂಡುಗಳು ಸಿಕ್ಕಿದವು. ಸೈನ್ಯ ಹೇಳಿದ ಗುಡ್ಡದ ಏಣಿನಲ್ಲಿ ಒಂದೂ ಸಿಗಲಿಲ್ಲ. ನೂರು ವರ್ಷ ಮಣ್ಣಲ್ಲಿ ಬಿದ್ದಿದ್ದ, ಬಟಾಣಿ ಕಾಳಿನಷ್ಟು ದಪ್ಪದ ಸೀಸ. ಅದು ಅಜ್ಜಿ ಕಡೆಗೆ ಸಾಕ್ಷಿ ಹೇಳಿತು. ನಾನಿದನ್ನು ಮೊದಲ ಸಲ ಓದಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ, ನಿಜವಾಗಲೂ. ಯಾಕೆಂದರೆ ಅವರನ್ನು ಕೇಳದೇ ಇದ್ದಿದ್ದರೆ ಯಂತ್ರ ಹಿಡಿದು ಆ ಹಳ್ಳಕ್ಕೆ ಇಳಿಯುವ ಕಾರಣವೇ ಇರಲಿಲ್ಲ. ನನ್ನಂಥವನು ಹೋಗಿದ್ದರೆ ಸೀದಾ ಗುಡ್ಡ ಹತ್ತಿ, ಏನೂ ಸಿಗದೆ, ಮಳೆಗೆ ಕೊಚ್ಚಿಹೋಗಿರಬೇಕು ಅಂತ ವರದಿ ಬರೆದು ಮನೆಗೆ ಬರುತ್ತಿದ್ದೆ.

ಅಯ್ಯೋ, ನನಗೆ ಕೊಟ್ಟ ಹತ್ತು ನಿಮಿಷದಲ್ಲಿ ಮುಕ್ಕಾಲು ಈ ಕಥೆಗೇ ಹೋಯಿತು. ಇನ್ನೆರಡು ಮಾತು ಬೇಗ ಮುಗಿಸುತ್ತೇನೆ.

ಅಮೆರಿಕದ್ದೇ ಕನೆಕ್ಟಿಕಟ್ ರಾಜ್ಯದಲ್ಲಿ ಪೂರ್ವದ ಪೀಕ್ವಾಟ್ ಎಂಬ ಮೂಲನಿವಾಸಿ ಜನರ ಮೀಸಲು ಜಾಗವಿದೆ, 1683ರಿಂದ ಅವರದು. ಅಲ್ಲಿ 2003ರಿಂದ ಹಲವು ವರ್ಷ ಬಾಸ್ಟನ್ನಿನ ಒಂದು ವಿಶ್ವವಿದ್ಯಾಲಯದವರು ಅವರ ಜೊತೆಗೇ ಅಗೆದರು. ಗುಂಡಿ ತೆಗೆಯುವ ಮೊದಲು ಪೀಕ್ವಾಟರು ನೆಲಕ್ಕೆ ಹೊಗೆಸೊಪ್ಪು ಅರ್ಪಿಸುತ್ತಿದ್ದರು. ಸಿಕ್ಕಿದ್ದರಲ್ಲಿ ಇಂಗ್ಲಿಷರ ಪಿಂಗಾಣಿ ಚೂರೂ ಇದೆ. ಹಳೇ ಕಾಲದ ಪಂಡಿತರಾದರೆ, ನೋಡಿ, ಇವರು ತಮ್ಮತನ ಬಿಟ್ಟುಬಿಟ್ಟರು ಅಂತ ಬರೆದು ಎದ್ದುಹೋಗುತ್ತಿದ್ದರು. ಪಿಂಗಾಣಿ ತಟ್ಟೆಯಲ್ಲಿ ಉಂಡರೆ ಕುಲ ಹೋಗುತ್ತಾ? ನಾವು ಸ್ಟೀಲ್ ತಟ್ಟೆಯಲ್ಲಿ ಉಣ್ಣುತ್ತೇವೆ, ಕನ್ನಡ ಬಿಟ್ಟಿದ್ದೇವಾ?

ಇನ್ನು ಮೂಳೆ ವಿಷಯ. ಫೋರ್ಟ್ ರಾಬಿನ್ಸನ್‌ನಲ್ಲಿ ಸತ್ತ ಕೆಲವರ ತಲೆಬುರುಡೆಗಳನ್ನು ಅಧ್ಯಯನಕ್ಕೆ ಅಂತ ಒಯ್ದಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅವು ದೊಡ್ಡ ಸಂಗ್ರಹಾಲಯಗಳ ಕಪಾಟಿನಲ್ಲಿ ಇದ್ದವು. ಶಾಯೆನ್ನರು ಹಟ ಹಿಡಿದರು. 1993ರಲ್ಲಿ ಅವು ಮರಳಿ ಬಂದವು, ಮೊಂಟಾನಾದ ಬಸ್ಬಿ ಎಂಬ ಊರಿನಲ್ಲಿ ಮಣ್ಣಿಗಿಟ್ಟರು.

ಈಗ ಪ್ರತಿವರ್ಷ ಜನವರಿಯಲ್ಲಿ ಶಾಯೆನ್ ಹುಡುಗ ಹುಡುಗಿಯರು ಅದೇ ಬ್ಯಾರಕ್ಕಿನ ಜಾಗದಿಂದ ಹೊರಟು, ಸರದಿಯಲ್ಲಿ ಓಡುತ್ತಾ, ಸುಮಾರು 640 ಕಿಲೋಮೀಟರ್ ದೂರದ ಬಸ್ಬಿಯವರೆಗೆ ಹೋಗುತ್ತಾರೆ. ಹೊರಡುವುದು ಜನವರಿ 9ರಂದು, ರಾತ್ರಿ ಹತ್ತರ ಹೊತ್ತಿಗೆ. ನಮಸ್ಕಾರ.